ಎರಡು ಬಾರ್ ಕಿತ್ತು ಹದಿನಾರು ಚುಕ್ಕೆ ಇಟ್ಟ ಕಥೆ: ಒಂದು ಗ್ರಾಫ್ ರಿಪೇರಿಯ ದಿನಚರಿ

ರಿಪೇರಿಗೆ ಬಂದದ್ದು: ನಮ್ಮ ಸಂಶೋಧನಾ ಪೇಪರಿನ ಚಿತ್ರ 2, ಒಂದು ಬಾರ್ ಗ್ರಾಫ್.
ಸಲಕರಣೆ: ಹಳೆಯ ಲ್ಯಾಪ್‌ಟಾಪ್, ಅಂಕಿಅಂಶದ ಲೆಕ್ಕಕ್ಕೆ ಆರ್ ತಂತ್ರಾಂಶ ಮತ್ತು ಅದರೊಳಗೆ ಚಿತ್ರ ಬಿಡಿಸುವ ಜಿಜಿಪ್ಲಾಟ್2 (ಎರಡೂ ಪುಕ್ಕಟೆ), ಎಕ್ಸೆಲ್ ಶೀಟು, ಕುಂಡ ಅಳೆದಾಗ ಬರೆದ ನೋಟ್‌ಬುಕ್, 30 ಸೆಂ.ಮೀ. ಸ್ಕೇಲು.
ಖರ್ಚು: 748 ರೂ. ಅದರಲ್ಲಿ 350 ರೂ. ಶುದ್ಧ ದಂಡ.
ಹಿಡಿದ ಸಮಯ: 9 ದಿನ. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ.

ಮೊದಲು ಪ್ರಯೋಗ ಏನು ಅಂತ ಹೇಳಿಬಿಡುತ್ತೇನೆ. ಕಲಬುರಗಿ ಸುತ್ತಮುತ್ತಲಿನ ಎಂಟು ರೈತರ ಹೊಲದಿಂದ ಎರೆಮಣ್ಣು ತಂದೆವು. ಪ್ರತಿ ಮಣ್ಣಿಗೂ ಎರಡು ಕುಂಡ. ಒಂದರಲ್ಲಿ ಬರೀ ತೊಗರಿ ಬೀಜ, ಇನ್ನೊಂದರಲ್ಲಿ ರೈಜೋಬಿಯಂ (ಬೇರಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಿದ ಬೀಜ. ಕುಂಡಕ್ಕೆ ಐದು ಸಸಿ ಉಳಿಸಿಕೊಂಡು 21ನೇ ದಿನ ಎತ್ತರ ಅಳೆದೆವು. ಎಂಟು ಮಣ್ಣು, ಎರಡೆರಡು ಕುಂಡ, ಐದೈದು ಸಸಿ. ಒಟ್ಟು 80 ಅಳತೆ. ಇಷ್ಟೇ.

ದಿನ 1: ವಾಪಸ್ ಬಂದ ಚಿತ್ರ

ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸಿದ ರಿವ್ಯೂವರ್ ಬರೆದದ್ದು ಮೂರೇ ಮಾತು. ಎನ್ = 40 (ಗುಂಪಿಗೆ 40 ಅಳತೆ) ಅಂತೀರಿ, ಆದರೆ ನಿಮ್ಮ ಹತ್ತಿರ ಇರುವುದು ಎಂಟು ಮಣ್ಣು ಅಲ್ಲವೇ? ಬಾರ್ ಬೇಡ, ಬಿಡಿ ಅಂಕಿಗಳನ್ನು ತೋರಿಸಿ. ಬಾರ್ ಮೇಲಿನ ಗೆರೆ ಏನು ಅಂತ ಎಲ್ಲೂ ಬರೆದಿಲ್ಲ.

ಮೊದಲು ಸಿಟ್ಟು ಬಂತು. ನಮ್ಮ ವಿಭಾಗದಲ್ಲಿ ಎಲ್ಲರೂ ಹಾಕುವುದು ಇದೇ ಚಿತ್ರ. ಎರಡು ಬಾರ್, ತಲೆ ಮೇಲೆ ಒಂದೊಂದು ಕಡ್ಡಿ, ಅದರ ಮೇಲೆ ಒಂದು ನಕ್ಷತ್ರ (ಅಂತರ ಬರೀ ಆಕಸ್ಮಿಕ ಇರಲಾರದು ಅನ್ನುವ ಗುರುತು). ನಾವಷ್ಟೇ ಅಲ್ಲ. 2015ರಲ್ಲಿ ಟ್ರೇಸಿ ವೈಸ್‌ಗರ್ಬರ್ ಮತ್ತು ಜೊತೆಗಾರರು ಶರೀರಕ್ರಿಯಾ ವಿಜ್ಞಾನದ ಒಳ್ಳೊಳ್ಳೆ ಪತ್ರಿಕೆಗಳ 703 ಲೇಖನ ಜಾಲಾಡಿದ್ದರು. ನೂರಕ್ಕೆ 85ಕ್ಕಿಂತ ಹೆಚ್ಚಿನವುಗಳಲ್ಲಿ ಒಂದಾದರೂ ಬಾರ್ ಚಿತ್ರ ಇತ್ತು. ಇದನ್ನು ಓದಿ ಸ್ವಲ್ಪ ಸಮಾಧಾನ ಆಯಿತು. ಆದರೆ ಊರವರೆಲ್ಲ ಮಾಡಿದರು ಅಂದರೆ ನನ್ನ ಚಿತ್ರ ಸರಿ ಅಂತಾಗುವುದಿಲ್ಲವಲ್ಲ.

ಹಳೆಯ ಚಿತ್ರವನ್ನು ಪ್ರಿಂಟ್ ತೆಗೆದು ಸ್ಕೇಲು ಇಟ್ಟು ಅಳೆದೆ. ಎಡಗಡೆ ಬಾರ್ 27 ಮಿ.ಮೀ. ಬಲಗಡೆಯದು 46 ಮಿ.ಮೀ. ಕಣ್ಣಿಗೆ ಒಂದಕ್ಕಿಂತ ಇನ್ನೊಂದು 1.7 ಪಟ್ಟು ಎತ್ತರ. ಅಂಕಿ ಏನಿತ್ತು? 14.7 ಮತ್ತು 16.6 ಸೆಂ.ಮೀ. ಅಂದರೆ 13% ಜಾಸ್ತಿ, ಅಷ್ಟೇ. ಏಕೆ ಹೀಗೆ ಅಂದರೆ ನಿಂತ ಅಕ್ಷ 12ರಿಂದ ಶುರುವಾಗಿತ್ತು. ತಪ್ಪನ್ನು ಎಕ್ಸೆಲ್ ಮೇಲೆ ಹಾಕುವಂತಿಲ್ಲ, 12 ಅಂತ ಬರೆದದ್ದು ನಾನೇ. ‘ಸ್ವಲ್ಪ ಎದ್ದು ಕಾಣಲಿ’ ಅಂತ.

ಬಾರ್ ಹೇಳುವುದೇ ತನ್ನ ಉದ್ದದಿಂದ. ಬುಡ ಕತ್ತರಿಸಿದರೆ ಹೇಳುವ ಮಾತೇ ಬದಲಾಗುತ್ತದೆ. ಚುಕ್ಕೆಗೆ ಈ ಕಟ್ಟು ಇಲ್ಲ, ಅದು ಇರುವ ಜಾಗದಿಂದ ಮಾತಾಡುತ್ತದೆ. ಹಾಗಾಗಿ ಚುಕ್ಕೆ ಚಿತ್ರಕ್ಕೆ ಸೊನ್ನೆ ಬೇಕೇಬೇಕು ಅಂತಿಲ್ಲ. ಇದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ದಿನ 2: ಶೀಟು ತೊಳೆದದ್ದು

ಎಕ್ಸೆಲ್ ಶೀಟು ತೆರೆದೆ. ನಾನೇ ಮಾಡಿದ್ದು, ನನಗೇ ಅರ್ಥ ಆಗಲಿಲ್ಲ. ಮೇಲಿನ ಮೂರು ಸಾಲು ಮರ್ಜ್ ಆಗಿದ್ದವು. ಕೆಲವು ಕೋಣೆಗಳಿಗೆ ಹಳದಿ ಬಣ್ಣ. ಹಳದಿ ಅಂದರೆ ಏನು? ‘ಮತ್ತೆ ಅಳೆಯಬೇಕು’ ಅಂತಲೋ, ‘ಅಳೆದಾಯಿತು’ ಅಂತಲೋ? ನೋಟ್‌ಬುಕ್ ನೋಡಿದ ಮೇಲೆ ಗೊತ್ತಾಯಿತು, ಎರಡನೆಯದು.

ದೊಡ್ಡ ತಲೆನೋವು ಕುಂಡದ ಗುರುತು. 5ನೇ ಮಣ್ಣಿನ 1ನೇ ಕುಂಡಕ್ಕೆ ‘5-1’ ಅಂತ ಬರೆದಿದ್ದೆ. ಎಕ್ಸೆಲ್ ಅದನ್ನು ತಾರೀಕು ಅಂದುಕೊಂಡು ತಿಂಗಳ ಹೆಸರು ಹಾಕಿಟ್ಟಿತ್ತು. ಈ ಕಾಟ ನನ್ನೊಬ್ಬಳದ್ದಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಇದೇ ಕಾರಣಕ್ಕೆ ಮಾರ್ಚ್1, ಸೆಪ್ಟ್1 ಇಂಥ ಹೆಸರುಗಳನ್ನೇ ಬದಲಾಯಿಸಿ 2020ರಲ್ಲಿ ಹೊಸ ನಿಯಮ ಹೊರಡಿಸಿತು. ಆಗ ಎಕ್ಸೆಲ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯಿತು! ನಾನು ‘ಮ5ಕು1’ ಅಂತ ಬರೆದು ಪಾರಾದೆ.

ಕೊನೆಗೆ ಉಳಿದದ್ದು ಐದು ಕಂಬ (ಕಾಲಂ): ಮಣ್ಣು, ಉಪಚಾರ (ಬರೀ ಬೀಜವೋ, ರೈಜೋಬಿಯಂ ಹಚ್ಚಿದ್ದೋ), ಕುಂಡ, ಸಸಿ, ಎತ್ತರ. ಒಂದು ಸಸಿಗೆ ಒಂದು ಸಾಲು. 80 ಸಾಲು. ಬಣ್ಣ ಇಲ್ಲ, ಮರ್ಜ್ ಇಲ್ಲ. ಸಿಎಸ್‌ವಿ (ಅಲಂಕಾರ ಇಲ್ಲದ ಸಾದಾ ಪಟ್ಟಿಯ ಕಡತ) ಮಾಡಿ ಇಟ್ಟೆ. ನಾಲ್ಕು ತಾಸು ಹಿಡಿಯಿತು. ಮೊದಲ ದಿನವೇ ಹೀಗೆ ಬರೆದಿದ್ದರೆ ಈ ನಾಲ್ಕು ತಾಸು ಉಳಿಯುತ್ತಿತ್ತು.

ದಿನ 3: ಕೆಳಗೆ ಬಿದ್ದಿದ್ದ ಒಂದು ಚುಕ್ಕೆ

ಈ ಇಡೀ ಕೆಲಸದಲ್ಲಿ ನಾನು ನಾಚಿಕೊಂಡ ದಿನ ಇದು. ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

80 ಚುಕ್ಕೆ ಹಾಕಿ ನೋಡೋಣ ಅಂತ ಕೂತೆ. ಚಿತ್ರ ತುಂಬ ಖಾಲಿ ಜಾಗ ಬೇಡ ಅಂತ, ನಿಂತ ಅಕ್ಷದ ಮಿತಿ ಹೇಳುವ ವೈ-ಲಿಮ್ ಆಜ್ಞೆಯಲ್ಲಿ 10ರಿಂದ 24 ಅಂತ ಕೊಟ್ಟೆ. ಚಿತ್ರ ಚೆನ್ನಾಗಿಯೇ ಬಂತು. ಕೆಳಗೆ ಕೆಂಪಕ್ಷರದಲ್ಲಿ ಏನೋ ಎಚ್ಚರಿಕೆ. ಆರ್ ಯಾವಾಗಲೂ ಏನಾದರೂ ಗೊಣಗುತ್ತಲೇ ಇರುತ್ತದೆ ಅಂತ ಓದಲಿಲ್ಲ.

ಸಂಜೆ ಜೊತೆಯವಳೊಬ್ಬಳು ಬಂದು ಪರದೆ ನೋಡಿ, ‘3 ಸಾಲು ತೆಗೆದಿದ್ದೇನೆ ಅಂತ ಹೇಳ್ತಿದೆ, ಯಾವ ಮೂರು?’ ಅಂದಳು.

ನನಗೆ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿದದ್ದು ಇದು. ವೈ-ಲಿಮ್ ಬರೀ ಕಿಟಕಿ ಚಿಕ್ಕದು ಮಾಡುವುದಿಲ್ಲ. ಅದರ ಹೊರಗಿರುವ ಅಂಕಿಗಳನ್ನು ಎತ್ತಿ ಬಿಸಾಡಿ, ಉಳಿದದ್ದರ ಮೇಲೆ ಸರಾಸರಿ ಹಾಕುತ್ತದೆ. ಬರೀ ಹತ್ತಿರದಿಂದ ನೋಡಬೇಕಾದರೆ ಕೋಆರ್ಡ್-ಕಾರ್ಟೀಸಿಯನ್ ಒಳಗೆ ಆ ಮಿತಿ ಕೊಡಬೇಕು. ಆಗ ಅಂಕಿ ಎಲ್ಲವೂ ಲೆಕ್ಕದಲ್ಲಿ ಉಳಿಯುತ್ತವೆ. ಎಷ್ಟು ಜನರ ಚಿತ್ರದಲ್ಲಿ ಹೀಗೆ ಸದ್ದಿಲ್ಲದೆ ಸಾಲು ಹೋಗಿವೆಯೋ ಏನೋ.

ಮಿತಿ ತೆಗೆದು ಮತ್ತೆ ಹಾಕಿದೆ. ಹೋಗಿದ್ದ ಮೂರರಲ್ಲಿ ಎರಡು 3ನೇ ಮಣ್ಣಿನ ಕುಳ್ಳ ಸಸಿಗಳು, 9.6 ಮತ್ತು 9.9 ಸೆಂ.ಮೀ. ಅವು ನಿಜವಾದ ಅಳತೆ. ಮೂರನೆಯದು ತಳದಲ್ಲಿ ಒಂಟಿಯಾಗಿ ಕೂತಿತ್ತು. 1.64 ಸೆಂ.ಮೀ. 21 ದಿನದ ತೊಗರಿ ಸಸಿ ಒಂದೂವರೆ ಸೆಂಟಿಮೀಟರ್ ಇರುತ್ತದೆಯೇ? ನೋಟ್‌ಬುಕ್ ತೆಗೆದೆ. 4ನೇ ಮಣ್ಣು, ಬರೀ ಬೀಜದ ಕುಂಡ, 2ನೇ ಸಸಿ. ನನ್ನದೇ ಕೈಬರಹ: 16.4.

ದಶಮಾಂಶದ ಚುಕ್ಕೆ ಒಂದು ಮನೆ ಪಕ್ಕಕ್ಕೆ ಬಿದ್ದಿತ್ತು. ಅಷ್ಟೇ. ಆದರೆ ಅದರಿಂದ ಉಪಚಾರ ಇಲ್ಲದ ಗುಂಪಿನ ಸರಾಸರಿ 15.1ರಿಂದ 14.7ಕ್ಕೆ ಇಳಿದಿತ್ತು. ಎರಡು ಗುಂಪಿನ ಅಂತರ 1.5 ಇರಬೇಕಾದದ್ದು 1.9 ಆಗಿತ್ತು. ನನಗೆ ಬೇಕಾದ ಕಡೆಗೇ ವಾಲಿದ ತಪ್ಪು. ಬಾರ್ ಇದನ್ನು ಹೊಟ್ಟೆಯೊಳಗೆ ಹಾಕಿಕೊಂಡು ಸುಮ್ನೆ ಕೂತಿತ್ತು. ಗೈಡ್ ಮೇಡಂ ನೋಡಿದ್ದರು, ಸಹಲೇಖಕರು ನೋಡಿದ್ದರು, ರಿವ್ಯೂವರ್ ನೋಡಿದ್ದರು. ಯಾರಿಗೆ ಕಾಣಬೇಕು?

ಇನ್ನೊಂದು ಮಾತು ಒಪ್ಪಿಕೊಳ್ಳಲೇಬೇಕು. ಇದೇ ತಪ್ಪು ಉಪಚಾರದ ಕಡೆ ಆಗಿ, ಅಂತರ ಕಡಿಮೆ ಬಂದಿದ್ದರೆ ಅವತ್ತೇ ಶೀಟು ತೆರೆದು ಹುಡುಕುತ್ತಿದ್ದೆ. ಅಂತರ ಚೆನ್ನಾಗಿ ಬಂದಿದ್ದರಿಂದ ಹುಡುಕಲಿಲ್ಲ.

ಆಮೇಲೆ 80 ಅಂಕಿಯನ್ನೂ ಕೂತು ತಾಳೆ ನೋಡಿದೆವು. ಅವಳು ನೋಟ್‌ಬುಕ್ ಗಟ್ಟಿಯಾಗಿ ಓದುವುದು, ನಾನು ಪರದೆ ನೋಡಿ ‘ಹ್ಞೂಂ’ ಅನ್ನುವುದು. 35 ನಿಮಿಷ. ಇನ್ನೊಂದು ತಪ್ಪು ಸಿಕ್ಕಿತು, 17.3 ಬದಲು 17.8. ಅದರಿಂದ ಏನೂ ಬದಲಾಗಲಿಲ್ಲ, ಆದರೂ ತಿದ್ದಿದೆ. ನೋಟ್‌ಬುಕ್ಕಿನ ಆ ಎರಡು ಪುಟದ ಫೋಟೊ ತೆಗೆದು ಸಿಎಸ್‌ವಿ ಇದ್ದ ಫೋಲ್ಡರಿಗೇ ಹಾಕಿದೆ.

ಚುಕ್ಕೆ ಹಾಕುವವರಿಗೆ ಒಂದು ಸಣ್ಣ ಕಿವಿಮಾತು. ಒಂದರ ಮೇಲೊಂದು ಬಿದ್ದ ಚುಕ್ಕೆಗಳನ್ನು ಅಕ್ಕಪಕ್ಕ ಸರಿಸಲು ಜಿಟರ್ ಹಾಕುತ್ತೇವಲ್ಲ, ಅದು ಹಾಗೇ ಬಿಟ್ಟರೆ ಮೇಲೆ ಕೆಳಗೂ ಅಲುಗಾಡಿಸುತ್ತದೆ. ಎತ್ತರವೇ ನಮ್ಮ ಅಂಕಿ. ಅದನ್ನು ಅಲುಗಾಡಿಸುವುದು ಯಾಕೆ? ಹೈಟ್ = 0 ಅಂತ ಕೊಡಿ. ಸೆಟ್-ಸೀಡ್ ಕೂಡ ಹಾಕಿ, ಇಲ್ಲದಿದ್ದರೆ ಪ್ರತಿ ಸಲ ಚುಕ್ಕೆ ಬೇರೆ ಬೇರೆ ಕಡೆ ಕೂರುತ್ತವೆ.

ದಿನ 4: 40 ಹೋಗಿ 8 ಬಂತು

ರಿವ್ಯೂವರ್ ಹೇಳಿದ ಮೊದಲ ಮಾತಿಗೆ ಬಂದೆ. ಒಂದೇ ಕುಂಡದ ಐದು ಸಸಿಗಳು ಐದು ಬೇರೆ ಬೇರೆ ಸಾಕ್ಷಿ ಅಲ್ಲ. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು. ಒಂದೇ ಮನೆಯ ಐವರನ್ನು ಕೇಳಿ ಐದು ಮನೆಯ ಅಭಿಪ್ರಾಯ ಅಂದಹಾಗೆ. 1984ರಲ್ಲೇ ಸ್ಟುವರ್ಟ್ ಹರ್ಲ್‌ಬರ್ಟ್ ಇದಕ್ಕೆ ಸ್ಯೂಡೋರೆಪ್ಲಿಕೇಶನ್ ಅಂತ ಹೆಸರಿಟ್ಟು ಬೈದಿದ್ದಾರೆ. ನಾನು ಎಂಎಸ್ಸಿಯಲ್ಲಿ ಓದಿ ಪಾಸಾದ ಪದ. ನನ್ನದೇ ಕುಂಡದ ಮುಂದೆ ನಿಂತಾಗ ನೆನಪಾಗಲಿಲ್ಲ.

ಕುಂಡಕ್ಕೊಂದು ಸರಾಸರಿ ತೆಗೆದೆ. 80 ಅಂಕಿ 16 ಆದವು. 1ರಿಂದ 8ನೇ ಮಣ್ಣಿನವರೆಗೆ, ಸೆಂ.ಮೀ.ನಲ್ಲಿ:

ಬರೀ ಬೀಜ: 14.2, 17.8, 11.6, 15.9, 12.4, 19.1, 13.3, 16.5
ರೈಜೋಬಿಯಂ: 16.0, 18.9, 14.1, 17.2, 12.1, 20.6, 16.2, 17.7

ಸರಾಸರಿ 15.1 ಮತ್ತು 16.6. ಅದು ಹಾಗೇ ಉಳಿಯಿತು. ಬದಲಾದದ್ದು ಕಡ್ಡಿ. ಹಳೆಯ ಚಿತ್ರದಲ್ಲಿ ಹಾಕಿದ್ದು ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅತ್ತ ಇತ್ತ ಆಗಬಹುದು ಅನ್ನುವ ಅಂದಾಜು). ಯಾಕೆ ಅದೇ ಹಾಕಿದೆ? ಚಿಕ್ಕದು, ನೋಡಲು ಅಂದ. ತಿದ್ದಿದ ಅಂಕಿಗಳಲ್ಲೇ 40 ಸಸಿ ಅಂತ ಲೆಕ್ಕ ಹಾಕಿದರೆ ಅದು 0.44. ಎಂಟು ಮಣ್ಣು ಅಂತ ಹಾಕಿದರೆ 0.94, ಎರಡು ಪಟ್ಟಿಗೂ ಜಾಸ್ತಿ. ಅದನ್ನೇ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇಷ್ಟರೊಳಗೆ ಇರಬಹುದು ಅಂತ ಹೇಳುವ ವ್ಯಾಪ್ತಿ) ಮಾಡಬೇಕಾದರೆ 8 ಅಂಕಿಗೆ 2.365ರಿಂದ ಗುಣಿಸಬೇಕು. ಅತ್ತ ಇತ್ತ 2.2 ಸೆಂ.ಮೀ. ಎರಡು ಕಡ್ಡಿಗಳೂ ಒಂದರ ಮೇಲೊಂದು ಬಿದ್ದವು.

ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಹಾಕಿದೆ. ಪಿ = 0.28. ನಿಜವಾಗಿ ಫರಕೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಬರುವ ಸಂಭವ ಇದು; ತೀರಾ ಸಣ್ಣದಿದ್ದರಷ್ಟೇ ನಕ್ಷತ್ರ.

ನಕ್ಷತ್ರ ಹೋಯಿತು. ಎರಡು ವರ್ಷದ ಕೆಲಸ, ಎಂಟು ಊರು ಸುತ್ತಿ ಹೊತ್ತು ತಂದ ಮಣ್ಣು. ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಮೇಡಂಗೆ ಫೋನ್ ಮಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಚಹಾ ಕುಡಿಯಲು ಹೋದೆ.

ದಿನ 5: 1905ರ ಹತ್ತು ರೋಗಿಗಳ ಮೇಲೆ ತಾಲೀಮು

ನನ್ನ ಅಂಕಿ ಮುಟ್ಟಲು ಧೈರ್ಯ ಬರಲಿಲ್ಲ. ಬೇರೆಯವರ ಅಂಕಿ ಮೇಲೆ ಕೈ ಪಳಗಿಸೋಣ ಅಂದುಕೊಂಡೆ. ಆರ್ ಜೊತೆಗೇ ಬರುವ ‘ಸ್ಲೀಪ್’ ಅಂತ ಒಂದು ಪುಟ್ಟ ಪಟ್ಟಿ ಇದೆ. ಹತ್ತು ರೋಗಿಗಳು, ಎರಡು ನಿದ್ರೆ ಔಷಧಿ, ಯಾವುದರಿಂದ ಎಷ್ಟು ತಾಸು ನಿದ್ದೆ ಜಾಸ್ತಿ ಆಯಿತು ಅಂತ. 1905ರಲ್ಲಿ ಕುಶ್ನಿ ಮತ್ತು ಪೀಬಲ್ಸ್ ಪ್ರಕಟಿಸಿದ ಅಂಕಿಗಳು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗೊಸೆಟ್ ‘ಸ್ಟೂಡೆಂಟ್’ ಅನ್ನುವ ಗುಪ್ತನಾಮದಲ್ಲಿ 1908ರಲ್ಲಿ ಬರೆದ ಲೇಖನದಲ್ಲಿ ಇವನ್ನೇ ಬಳಸಿದ್ದ. ಇವತ್ತಿನ ಟಿ-ಟೆಸ್ಟ್ ಹುಟ್ಟಿದ್ದು ಅಲ್ಲಿಂದ.

ಬಾರ್ ಹಾಕಿದೆ. ಸರಾಸರಿ 0.75 ತಾಸು ಮತ್ತು 2.33 ತಾಸು. ಎರಡು ಬೇರೆ ಗುಂಪು ಅಂತ ಟೆಸ್ಟ್ ಮಾಡಿದರೆ ಪಿ = 0.079. ನಕ್ಷತ್ರ ಇಲ್ಲ. ನನ್ನದೇ ಕಥೆ!

ಚುಕ್ಕೆ ಹಾಕಿ, ಒಬ್ಬೊಬ್ಬ ರೋಗಿಯ ಎರಡು ಚುಕ್ಕೆಗೂ ಗೆರೆ ಎಳೆದೆ. ಒಂದೇ ನೋಟಕ್ಕೆ ಕಂಡಿತು. ಹತ್ತರಲ್ಲಿ ಒಂಬತ್ತು ಗೆರೆ ಮೇಲಕ್ಕೆ ಹೋಗಿವೆ. ಒಂದು ಸಪಾಟು, 5ನೇ ರೋಗಿಗೆ ಎರಡೂ ಔಷಧಿಯಲ್ಲಿ ಮೈನಸ್ 0.1. ಒಂದೂ ಕೆಳಗೆ ಇಳಿದಿಲ್ಲ. ಹತ್ತು ವ್ಯತ್ಯಾಸಗಳನ್ನು ಮಾತ್ರ ತೆಗೆದುಕೊಂಡರೆ ಸರಾಸರಿ 1.58 ತಾಸು, 95% ಇಂಟರ್ವಲ್ 0.70ರಿಂದ 2.46. ಪಿ = 0.0028. ಅದೇ ಅಂಕಿ, ಅದೇ ರೋಗಿಗಳು. ಯಾರದು ಯಾವುದು ಅಂತ ಜೋಡಿಸಿದೆ, ಅಷ್ಟೇ. ಆ ಪಟ್ಟಿಯ ಸಹಾಯ ಪುಟದಲ್ಲೇ ಬರೆದಿದೆ, ‘ಗ್ರೂಪ್’ ಅನ್ನುವ ಹೆಸರು ದಾರಿ ತಪ್ಪಿಸಬಹುದು, ಇದು ಹತ್ತು ಜನರ ಅಳತೆ ಅಂತ.

ಗೆರೆ ಇನ್ನೊಂದನ್ನೂ ತೋರಿಸಿತು. 9ನೇ ರೋಗಿಯ ಗೆರೆ ಸೊನ್ನೆಯಿಂದ 4.6ಕ್ಕೆ ಜಿಗಿದಿದೆ. ಅವನೊಬ್ಬನನ್ನು ಬಿಟ್ಟರೆ ಸರಾಸರಿ ವ್ಯತ್ಯಾಸ 1.58ರಿಂದ 1.24ಕ್ಕೆ ಇಳಿಯುತ್ತದೆ. ಬಾರ್ ಚಿತ್ರದಲ್ಲಿ ಈ ಮನುಷ್ಯ ಎಲ್ಲಿದ್ದ?

ಈಗ ನನ್ನ ಕುಂಡಗಳು. ಪ್ರತಿ ಮಣ್ಣಿನ ಎರಡು ಕುಂಡಕ್ಕೂ ಗೆರೆ. ವ್ಯತ್ಯಾಸಗಳು: 1.8, 1.1, 2.5, 1.3, ಮೈನಸ್ 0.3, 1.5, 2.9, 1.2. ಸರಾಸರಿ 1.5 ಸೆಂ.ಮೀ. 95% ಇಂಟರ್ವಲ್ 0.69ರಿಂದ 2.31. ಪಿ = 0.003.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. ಒಂದು ಟೆಸ್ಟ್ ಕೈಕೊಟ್ಟಿತು ಅಂತ ಇನ್ನೊಂದು ಮಾಡಿ, ನಕ್ಷತ್ರ ಸಿಕ್ಕಿದ ಕಡೆ ನಿಂತೆ ಅಲ್ವಾ? ನಾನೂ ಅದನ್ನೇ ಯೋಚಿಸಿದೆ. ಅದಕ್ಕೇ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ನೋಡಿದೆ. ಬಿತ್ತುವ ಮೊದಲೇ ಬರೆದದ್ದು ಇದೆ: ‘ಪ್ರತಿ ಮಣ್ಣಿಗೆ ಜೋಡಿ ಕುಂಡ, ಅಕ್ಕಪಕ್ಕ ಇಡಬೇಕು’. ಜೋಡಿ ಅನ್ನುವುದು ಪ್ರಯೋಗದೊಳಗೇ ಇತ್ತು. ಲೆಕ್ಕಕ್ಕೆ ಕೂತಾಗ ಮರೆತವಳು ನಾನು. ಹಾಗಿದ್ದರೂ ರಿವ್ಯೂವರಿಗೆ ಬರೆದ ಉತ್ತರದಲ್ಲಿ ಮೂರು ಲೆಕ್ಕವನ್ನೂ ಹಾಕಿದೆ. 40ರ ತಪ್ಪು ಲೆಕ್ಕ, 8ರ ಜೋಡಿ ಇಲ್ಲದ ಲೆಕ್ಕ, 8ರ ಜೋಡಿ ಲೆಕ್ಕ. ಆ ಪುಟದ ಫೋಟೊ ಕೂಡ ಇಟ್ಟೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು.

ದಿನ 6: ಚಿತ್ರ ಕೂರಿಸಿದ್ದು, ನಾಲ್ಕನೇ ಸಲಕ್ಕೆ

ಮೊದಲ ಪ್ರಯತ್ನ ವಯಲಿನ್ ಪ್ಲಾಟ್, ಅಂಕಿ ದಟ್ಟವಾಗಿರುವ ಕಡೆ ಅಗಲವಾಗುವ ಚಿತ್ರ. ಈಗ ಎಲ್ಲ ಕಡೆ ಅದೇ, ನೋಡಲು ಚೆಂದ. ಎಂಟು ಅಂಕಿಗೆ ಹಾಕಿದರೆ ಹೂಜಿಯಂಥ ನುಣುಪಾದ ಆಕಾರ ಬಂತು. ಅಷ್ಟು ನುಣುಪು ನನ್ನ ಅಂಕಿಯಲ್ಲಿ ಇಲ್ಲವೇ ಇಲ್ಲ. ನುಣುಪು ಮಾಡಿದ್ದು ತಂತ್ರಾಂಶ. ಬಿಟ್ಟೆ.

ಎರಡನೆಯದು ಬಾಕ್ಸ್ ಪ್ಲಾಟ್. ಎಂಟು ಅಂಕಿಯನ್ನು ಐದು ಅಂಕಿಯಾಗಿ ಸಂಕ್ಷೇಪ ಮಾಡಿ ಯಾರನ್ನು ಉದ್ಧಾರ ಮಾಡಬೇಕು? ಎಂಟನ್ನೂ ತೋರಿಸಿದರಾಯಿತು. ಬಿಟ್ಟೆ. ನೂರಾರು ಅಂಕಿ ಇದ್ದವರಿಗೆ ಇವೆರಡೂ ಒಳ್ಳೆಯ ಸಲಕರಣೆ, ನನಗಲ್ಲ.

ಮೂರನೆಯದು ಗೆರೆ ಎಳೆದ ಚುಕ್ಕೆಗಳು, ಜೊತೆಗೆ ಎರಡೂ ಗುಂಪಿಗೆ ಕಾನ್ಫಿಡೆನ್ಸ್ ಇಂಟರ್ವಲ್ ಕಡ್ಡಿ. ಇದು ಸರಿ ಅನ್ನಿಸಿತು. ಮೇಡಂ ನೋಡಿ, ‘ಕಡ್ಡಿಗಳು ಒಂದರ ಮೇಲೊಂದು ಬಿದ್ದಿವೆ, ವ್ಯತ್ಯಾಸವೇ ಇಲ್ಲ ಅಂತ ಓದುತ್ತಾರಲ್ಲ?’ ಅಂದರು. ಹೌದು. ಆ ಕಡ್ಡಿಗಳು ಹೇಳುವುದು ಮಣ್ಣಿನಿಂದ ಮಣ್ಣಿಗೆ ಎಷ್ಟು ಫರಕು ಅಂತ. ನಮ್ಮ ಪ್ರಶ್ನೆ ಅದಲ್ಲ. ತೆಗೆದೆ.

ನಾಲ್ಕನೆಯದು ನಿಂತಿತು. ಎಡಗಡೆ ಹದಿನಾರು ಚುಕ್ಕೆ, ಎಂಟು ಗೆರೆ. ಬಲಗಡೆ ಸಣ್ಣ ಪಟ್ಟಿಯಲ್ಲಿ ಎಂಟು ವ್ಯತ್ಯಾಸಗಳು, ಸೊನ್ನೆಗೆ ಒಂದು ಅಡ್ಡಗೆರೆ, 1.5ಕ್ಕೆ ದಪ್ಪ ಚುಕ್ಕೆ, 0.69ರಿಂದ 2.31ರವರೆಗೆ ಒಂದು ಕಡ್ಡಿ. ಇದು ನನ್ನ ತಲೆಯಿಂದ ಬಂದದ್ದಲ್ಲ. ಗಾರ್ಡ್ನರ್ ಮತ್ತು ಆಲ್ಟ್‌ಮನ್ 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗೆಯ ಚಿತ್ರ ಹಾಕಿದ್ದರು. ಪಿ ಬೆಲೆ ಬಿಟ್ಟು ಇಂಟರ್ವಲ್ ತೋರಿಸಿ ಅನ್ನುವುದು ಅವರ ವಾದ. ನಕ್ಷತ್ರ ಹಾಕಲಿಲ್ಲ.

ಬೂಟ್‌ಸ್ಟ್ರ್ಯಾಪ್ (ಇರುವ ಅಂಕಿಗಳಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿದಂತೆ ಆರಿಸಿ ಸರಾಸರಿ ತೆಗೆಯುವುದು) ಮಾಡಿಯೂ ನೋಡಿದೆ, 5000 ಸಲ. ಕಡ್ಡಿ ಸ್ವಲ್ಪ ಗಿಡ್ಡವಾಗಿ ಬಂತು. ಎಂಟೇ ಅಂಕಿಗೆ ಆ ವಿಧಾನ ಹಾಗೇ, ಇರುವುದಕ್ಕಿಂತ ಧೈರ್ಯ ಜಾಸ್ತಿ ತೋರಿಸುತ್ತದೆ. ಉದ್ದದ ಕಡ್ಡಿಯನ್ನೇ ಇಟ್ಟುಕೊಂಡೆ.

ಇನ್ನು ಆ 5ನೇ ಮಣ್ಣು. ಏಳು ಗೆರೆ ಮೇಲಕ್ಕೆ, ಅದೊಂದು ಕೆಳಕ್ಕೆ. ‘ಅದು ಔಟ್‌ಲೈಯರ್ ಅಲ್ವಾ, ತೆಗೆದುಬಿಡಿ’ ಅಂತ ಲ್ಯಾಬಿನಲ್ಲಿ ಒಬ್ಬರು ಅಂದರು. ತೆಗೆದರೆ ಸರಾಸರಿ 1.76 ಆಗುತ್ತದೆ. ಆಸೆ ಆಗಲಿಲ್ಲ ಅಂದರೆ ಸುಳ್ಳು. ನೋಟ್‌ಬುಕ್ಕಿನಲ್ಲಿ ಏನಾದರೂ ಕಾರಣ ಇದೆಯೇ ಅಂತ ನೋಡಿದೆ. ನೀರು ತಪ್ಪಿತ್ತೇ, ಇಲಿ ಕಡಿದಿತ್ತೇ, ಸಸಿ ಬಾಗಿತ್ತೇ? ಏನೂ ಇಲ್ಲ. ಕಾರಣ ಇಲ್ಲದೆ ತೆಗೆಯುವುದು ಹೇಗೆ? ಉಳಿಸಿದೆ.

ಬಣ್ಣ: ಹಳೆಯ ಚಿತ್ರದಲ್ಲಿ ಕೆಂಪು, ಹಸಿರು. ನಮ್ಮ ಲ್ಯಾಬಿನ ಹುಡುಗನೊಬ್ಬನಿಗೆ ಎರಡೂ ಒಂದೇ ಥರ ಕಾಣುತ್ತವೆ. ಇಷ್ಟು ವರ್ಷ ಅವನು ಕೇಳಲೂ ಇಲ್ಲ, ನಾವು ಯೋಚಿಸಲೂ ಇಲ್ಲ. ಒಕಾಬೆ ಮತ್ತು ಇಟೊ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಬಣ್ಣಗುರುಡು ಇರುವವರಿಗೂ ಬೇರೆ ಬೇರೆ ಕಾಣುವ ಬಣ್ಣಗಳ ಗುಂಪು ಮಾಡಿದ್ದಾರೆ. ಅದರಿಂದ ನೀಲಿ ಮತ್ತು ಕಿತ್ತಳೆ ತೆಗೆದುಕೊಂಡೆ. ಅವನಿಗೇ ತೋರಿಸಿದೆ. ‘ಈಗ ಎರಡು ಕಾಣ್ತವೆ’ ಅಂದ. ಕಪ್ಪು ಬಿಳುಪಿನಲ್ಲೂ ಗೊತ್ತಾಗಲಿ ಅಂತ ಒಂದು ಟೊಳ್ಳು ಚುಕ್ಕೆ, ಒಂದು ತುಂಬಿದ ಚುಕ್ಕೆ ಮಾಡಿದೆ. ಜೆರಾಕ್ಸ್ ಅಂಗಡಿಯಲ್ಲಿ ಪರೀಕ್ಷೆ: ಕಪ್ಪು ಬಿಳುಪು 4 ಪುಟ, 8 ರೂ. ಕಲರ್ 4 ಪುಟ, 40 ರೂ.

ಅಳತೆ: ಪತ್ರಿಕೆಯ ಒಂದು ಕಂಬ 85 ಮಿ.ಮೀ. ಪರದೆ ಮೇಲೆ ದೊಡ್ಡದಾಗಿ ಮಾಡಿ ಆಮೇಲೆ ಕುಗ್ಗಿಸಿದ್ದಕ್ಕೆ ಮೊದಲ ಪ್ರಿಂಟಿನಲ್ಲಿ ಅಕ್ಷರ ಇರುವೆಯಷ್ಟಾಗಿದ್ದವು. ಉಳಿಸುವಾಗಲೇ ಅಗಲ 85 ಮಿ.ಮೀ., ಅಕ್ಷರ 8 ಪಾಯಿಂಟ್ ಅಂತ ಕೊಟ್ಟರೆ ಈ ರಗಳೆ ಇಲ್ಲ. ಪಿಡಿಎಫ್ ಕೊಟ್ಟರೆ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ.

ದಿನ 7: ಅಡಿಬರಹ

ಹಳೆಯದು: ‘ತೊಗರಿ ಸಸಿಯ ಎತ್ತರದ ಮೇಲೆ ರೈಜೋಬಿಯಂ ಪರಿಣಾಮ (ಎನ್ = 40).’

ಹೊಸದು: ‘ಬಿತ್ತಿದ 21ನೇ ದಿನ ತೊಗರಿ ಸಸಿಯ ಎತ್ತರ. ಒಂದು ಚುಕ್ಕೆ ಅಂದರೆ ಒಂದು ಕುಂಡ (5 ಸಸಿಗಳ ಸರಾಸರಿ). ಗೆರೆ ಒಂದೇ ಹೊಲದ ಮಣ್ಣಿನ ಎರಡು ಕುಂಡಗಳನ್ನು ಸೇರಿಸುತ್ತದೆ; ಎನ್ = 8 ಹೊಲ. ಬಲಗಡೆ: ಪ್ರತಿ ಹೊಲದ ವ್ಯತ್ಯಾಸ, ಅವುಗಳ ಸರಾಸರಿ ಮತ್ತು 95% ಕಾನ್ಫಿಡೆನ್ಸ್ ಇಂಟರ್ವಲ್ (ಜೋಡಿ ಟಿ ವಿಧಾನ). ಯಾವ ಅಂಕಿಯನ್ನೂ ಕೈಬಿಟ್ಟಿಲ್ಲ. ನಿಂತ ಅಕ್ಷ ಸೊನ್ನೆಯಿಂದ ಶುರುವಾಗುವುದಿಲ್ಲ.’

ಪೇಪರಿಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆದೆ. ಉದ್ದ ಆಯಿತು, ಆಗಲಿ. 80 ಸಾಲಿನ ಸಿಎಸ್‌ವಿ, ಆರ್ ಕೋಡ್, ನೋಟ್‌ಬುಕ್ ಫೋಟೊ ಎಲ್ಲವನ್ನೂ ಜೆನೊಡೊದಲ್ಲಿ ಇಟ್ಟೆ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ತಾಣ, ಹಣ ಕೇಳುವುದಿಲ್ಲ, ಡಿಒಐ (ಕಡತದ ಕಾಯಂ ಗುರುತು) ಕೊಡುತ್ತದೆ. ರೈತರ ಹೆಸರು, ಸರ್ವೆ ನಂಬರ್ ತೆಗೆದುಹಾಕಿ ಮಣ್ಣು 1, ಮಣ್ಣು 2 ಅಂತ ಮಾತ್ರ ಬಿಟ್ಟೆ.

ದಿನ 8: 350 ರೂಪಾಯಿ ದಂಡ

ಮಣ್ಣು ಕೊಟ್ಟ ಎಂಟು ಜನಕ್ಕೂ ಫಲಿತಾಂಶ ತೋರಿಸುತ್ತೇವೆ ಅಂತ ಮಾತು ಕೊಟ್ಟಿದ್ದೆವು. ಅದಕ್ಕೆ ಕನ್ನಡ ಪೋಸ್ಟರ್. ಅಕ್ಷದ ಹೆಸರು, ತಲೆಬರಹ ಎಲ್ಲ ಕನ್ನಡದಲ್ಲಿ ಹಾಕಿ, ಆರ್‌ನ ಮಾಮೂಲಿ ಪಿಡಿಎಫ್ ತೆಗೆದು, ಸಣ್ಣದಾಗಿ ನೋಡಿ, ಪ್ರಿಂಟಿಗೆ ಕಳಿಸಿದೆ. ಬಂದ ಪೋಸ್ಟರಿನಲ್ಲಿ ‘ಎತ್ತರ’ ಇರಬೇಕಾದ ಕಡೆ ಬರೀ ಚುಕ್ಕಿಗಳ ಸಾಲು. ಇನ್ನೊಂದು ಕಡೆಯ ‘ಮಣ್ಣು’ ಕೂಡ ಹಾಗೇ. ಆ ಪಿಡಿಎಫ್ ವಿಧಾನಕ್ಕೆ ನಮ್ಮ ಲಿಪಿಯೇ ಗೊತ್ತಿಲ್ಲ. ಅಂಗಡಿಯವರದ್ದೇನೂ ತಪ್ಪಿಲ್ಲ, ನಾನು ದೊಡ್ಡದು ಮಾಡಿ ನೋಡಬೇಕಿತ್ತು.

ರಾಗ್ ಎಂಬ ಪ್ಯಾಕೇಜು ಹಾಕಿಕೊಂಡು, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, 300 ಡಿಪಿಐ ಪಿಎನ್‌ಜಿ ತೆಗೆದ ಮೇಲೆ ಒತ್ತು, ದೀರ್ಘ ಎಲ್ಲ ಜಾಗಕ್ಕೆ ಬಂದವು. ಎರಡನೇ ಪೋಸ್ಟರ್, ಮತ್ತೆ 350 ರೂ.

ದಿನ 9: ಕೆಳಗಿಳಿದ ಗೆರೆ

ಎಂಟರಲ್ಲಿ ಆರು ಜನ ಬಂದಿದ್ದರು. ಬಾರ್ ಚಿತ್ರ ಆಗಿದ್ದರೆ ‘ಛಲೋ ಆತು’ ಅಂತ ಚಹಾ ಕುಡಿದು ಹೋಗುತ್ತಿದ್ದರೋ ಏನೋ. ಇಲ್ಲಿ ಒಬ್ಬೊಬ್ಬರೂ ತಮ್ಮ ಗೆರೆ ಹುಡುಕಲು ಶುರು ಮಾಡಿದರು. ನಂಬರ್ ಅವರವರಿಗೆ ಮಾತ್ರ ಹೇಳಿದ್ದೆ. ಐದು ನಿಮಿಷದಲ್ಲಿ ಎಲ್ಲರಿಗೂ ಎಲ್ಲರದ್ದೂ ಗೊತ್ತಾಯಿತು.

5ನೇ ಮಣ್ಣಿನ ಹಿರಿಯರು ಪೋಸ್ಟರಿಗೆ ಬೆರಳಿಟ್ಟು, ‘ನಮ್ಮದೊಂದೇ ಯಾಕ್ ಇಳದದರೀ?’ ಅಂದರು.

‘ಗೊತ್ತಿಲ್ರಿ ಕಾಕಾ’ ಅಂದೆ. ಅದೇ ನಿಜ.

ಅವರು ಸ್ವಲ್ಪ ಹೊತ್ತು ನೋಡಿ, ‘ಮೂರು ವರ್ಷ ಆತು, ನಾವು ಆ ಪ್ಯಾಕೆಟ್ ಹಚ್ಚೇ ತೊಗರಿ ಬಿತ್ತಲಕತ್ತೀವಿ’ ಅಂದರು.

ಮೇಡಂ ನನ್ನ ಮುಖ ನೋಡಿದರು. ಮಣ್ಣಿನಲ್ಲಿ ರೈಜೋಬಿಯಂ ಮೊದಲೇ ತುಂಬಿದ್ದರೆ ಮತ್ತೆ ಹಚ್ಚಿದ್ದರಿಂದ ಹೆಚ್ಚು ಫರಕು ಕಾಣದೆ ಇರಬಹುದು. ಇದು ಗೊತ್ತಿರುವ ವಿಷಯ. ಮಣ್ಣು ತರುವಾಗ ‘ಈ ಹೊಲಕ್ಕೆ ಮೊದಲು ಹಚ್ಚಿದ್ದೀರಾ’ ಅಂತ ಕೇಳುವ ಒಂದು ಕಂಬ ನಮ್ಮ ಫಾರ್ಮಿನಲ್ಲಿ ಇರಲೇ ಇಲ್ಲ. ಆದರೆ ಒಂದೇ ಹೊಲ, ಮೈನಸ್ 0.3 ಸೆಂ.ಮೀ. ಅದು ಸುಮ್ನೆ ಏರುಪೇರೂ ಆಗಿರಬಹುದು. ಪೇಪರಿನಲ್ಲಿ ಇದನ್ನು ಕಾರಣ ಅಂತ ಬರೆಯಲಿಲ್ಲ.

ಉಳಿದ ಏಳು ಜನಕ್ಕೂ ಅದೇ ಪ್ರಶ್ನೆ ಕೇಳಬೇಕು. ಐದು ಜನ ಅಲ್ಲೇ ಹೇಳಿದರು, ಹಚ್ಚಿಲ್ಲ ಅಂತ. ಇಬ್ಬರ ಫೋನ್ ಹತ್ತುತ್ತಿಲ್ಲ. ಸಿಎಸ್‌ವಿಗೆ ಆರನೇ ಕಂಬ ಸೇರಿಸಿದ್ದೇನೆ, ಎರಡು ಹೊಲದ ಸಾಲುಗಳು ಖಾಲಿ ಇವೆ. 5ನೇ ಮಣ್ಣು ಗೋಡೌನಿನಲ್ಲಿ ಇನ್ನೂ ಅರ್ಧ ಚೀಲ ಇದೆ. ಬರುವ ವಾರ ನಾಲ್ಕು ಕುಂಡ ತುಂಬುತ್ತೇನೆ.